ಷರಾ ಕಾಲಂ ಎಲ್ಲಿ ಹೋಯಿತು?

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ಹೈದರಾಬಾದಿನ ನಮ್ಮ ಮನೆಯಲ್ಲಿ ಇನ್ನೂ ಎರಡನೇ ಕಾಫಿ ಆಗಿರಲಿಲ್ಲ, ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಆ ಕಡೆ ಒಬ್ಬ ಹುಡುಗಿ. ಅಂತರ್ಜಲದ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದಾಳಂತೆ. "ಸರ್, ನಿಮ್ಮ ಹೆಸರು ಒಂದು ಎಕ್ಸೆಲ್ ಫೈಲಿನಲ್ಲಿ ಸಿಕ್ತು. ಅದರಲ್ಲಿ 'ಡೆಪ್ತ್' ಅಂತ ಒಂದು ಕಾಲಂ ಇದೆ. ಎಲ್ಲಿಂದ ಎಲ್ಲಿಗೆ ಡೆಪ್ತ್ ಸರ್ ಅದು?"

ನನಗೆ ಗೊತ್ತಿರಲಿಲ್ಲ.

ವರ್ಷಗಳ ಹಿಂದೆ ನಾನೇ ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಮುಗಿಸಿಕೊಟ್ಟ ಕೆಲಸ ಅದು. ಬಯಲುಸೀಮೆಯ ಒಂದು ಜಿಲ್ಲೆ, ಮುನ್ನೂರು ಚಿಲ್ಲರೆ ತೆರೆದ ಬಾವಿಗಳು, ಆರು ವರ್ಷದ ಅಳತೆ. ಆಕೆಗೆ ನನ್ನ ಹೆಸರು ಸಿಕ್ಕಿದ್ದು ಫೈಲಿನ ಪ್ರಾಪರ್ಟೀಸ್‌ನಲ್ಲಿ. ಎಕ್ಸೆಲ್ ತನ್ನಷ್ಟಕ್ಕೆ 'ಕರ್ತೃ' ಎಂದು ನನ್ನನ್ನು ಬರೆದುಕೊಂಡಿತ್ತು. ಇಡೀ ಫೈಲಿನಲ್ಲಿ ಆ ಅಂಕಿಗಳ ಬಗ್ಗೆ ಇದ್ದ ಮಾಹಿತಿ ಅದೊಂದೇ. ಅದೂ ಸುಳ್ಳು. ಒಂದು ಬಾವಿಯನ್ನೂ ನಾನು ಅಳೆದವನಲ್ಲ.

ಇದೇನು ಮಹಾ ಪ್ರಶ್ನೆ ಎಂದು ನಿಮಗನ್ನಿಸಬಹುದು. ನನಗೂ ಆಗ ಹಾಗೇ ಅನ್ನಿಸಿತ್ತು. ಸ್ವಲ್ಪ ಯೋಚಿಸಿ ನೋಡಿ. ಬಾವಿಯ 'ಆಳ' ಎಂದರೆ ಬಾವಿಯ ತಳದವರೆಗಿನ ಆಳವೇ ಆಗಬಹುದು, ನೀರಿನ ಮಟ್ಟದವರೆಗಿನ ಆಳವೂ ಆಗಬಹುದು. ನೀರಿನ ಮಟ್ಟ ಎಂದೇ ಇಟ್ಟುಕೊಳ್ಳಿ, ಅಳೆದದ್ದು ಎಲ್ಲಿಂದ? ಟೇಪು ಇಳಿಬಿಡುವವನು ನಿಲ್ಲುವುದು ಬಾವಿಯ ಕಟ್ಟೆಯ ಪಕ್ಕ. ಟೇಪಿನ ಸೊನ್ನೆ ಹಿಡಿಯುವುದು ಕಟ್ಟೆಯ ಮೇಲಿನ ಒಂದು ಗುರುತಿಗೆ. ವರದಿಯಲ್ಲಿ ಬರೆಯಬೇಕಾದದ್ದು ಮಾತ್ರ ನೆಲಮಟ್ಟದಿಂದ ಕೆಳಗೆ ಎಷ್ಟು ಮೀಟರ್ ಎಂದು. ಹಾಗಾಗಿ ಕಟ್ಟೆಯ ಎತ್ತರವನ್ನು ಕಳೆಯಬೇಕು. ಒಬ್ಬ ಕಳೆದು ಬರೆದ, ಅವನ ನಂತರ ಬಂದವನು ಕಳೆಯದೆ ಬರೆದ ಎಂದುಕೊಳ್ಳಿ. ಕಟ್ಟೆ 80 ಸೆಂಟಿಮೀಟರ್ ಇದ್ದರೆ, ಒಂದು ಹನಿ ನೀರೂ ಕಡಿಮೆಯಾಗದೆ ಅಂತರ್ಜಲ 80 ಸೆಂಟಿಮೀಟರ್ ಕುಸಿದುಬಿಟ್ಟಿತು! ಇದನ್ನು ನೋಡಿ ಯಾರೋ ಆ ಊರಿನ ಚೆಕ್‌ಡ್ಯಾಮ್ ದಂಡ ಎಂದು ಬರೆಯುತ್ತಾರೆ. ಉಲ್ಟಾ ಆದರೆ, ನೀರು ಏರಿದೆ ಎಂದು ಮತ್ತೊಬ್ಬರು ಸನ್ಮಾನ ಮಾಡಿಸಿಕೊಳ್ಳುತ್ತಾರೆ. ಆ ಊರಿನವನು ಮುಂದಿನ ಬೋರ್‌ವೆಲ್ಲಿಗೆ ಸಾಲ ಮಾಡುತ್ತಾನೆ.

ಆ ಹುಡುಗಿಗೆ "ವಿಚಾರಿಸಿ ಹೇಳ್ತೀನಿ ಅಮ್ಮಾ" ಎಂದೆ. ಎರಡು ವಾರ ಫೋನ್ ಮಾಡಿದೆ. ಅಂದು ಟೀಮಿನಲ್ಲಿದ್ದವರು ಒಬ್ಬರು ಟೊರಾಂಟೊದಲ್ಲಿ, ಒಬ್ಬರು ಪುಣೆಯಲ್ಲಿ, ಒಬ್ಬರು ಕೆಲಸವನ್ನೇ ಬಿಟ್ಟು ಸಿರಿಧಾನ್ಯದ ಅಂಗಡಿ ಇಟ್ಟಿದ್ದಾರೆ. ಯಾರಿಗೂ ನೆನಪಿಲ್ಲ. ಕೊನೆಗೆ ಅಳತೆ ಮಾಡಿದ್ದ ಫೀಲ್ಡಿನವರೊಬ್ಬರು ಸಿಕ್ಕರು. ನಿವೃತ್ತರಾಗಿ ಊರಿನಲ್ಲಿದ್ದಾರೆ. ನನ್ನ ಪ್ರಶ್ನೆ ಕೇಳಿ ಅವರಿಗೇ ಆಶ್ಚರ್ಯ. "ಅದೆಲ್ಲಾ ಷರಾದಾಗೆ ಬರ್ದಿದ್ನಲ್ಲ ಸಾರ್? ಯಾವ ಬಾವೀದು ಕಟ್ಟೆ ಎಷ್ಟು, ಯಾವ ವರ್ಷ ಕಟ್ಟೆ ಬಿತ್ತು, ಎಲ್ಲಿಂದ ಹಿಡ್ದೆ, ಎಲ್ಲಾ ಅದ್ರಾಗೈತೆ."

ಹೌದು. ರಿಜಿಸ್ಟರಿನ ಕೊನೆಯ ಕಾಲಂ 'ಷರಾ' ಇತ್ತು. ಕನ್ನಡದಲ್ಲಿ, ಪೆನ್ನಿನಲ್ಲಿ, ಅವರು ಬರೆದಿದ್ದರು. ನಾವು ಮಾಡಿದ ಡೇಟಾ ಎಂಟ್ರಿ ಫಾರ್ಮಿನಲ್ಲಿ ಆ ಕಾಲಂ ಇರಲಿಲ್ಲ. ಡಿಸೈನ್ ಮೀಟಿಂಗಿನಲ್ಲಿ ಅದನ್ನು 'ಅನ್‌ಸ್ಟ್ರಕ್ಚರ್ಡ್ ಟೆಕ್ಸ್ಟ್, ಲೋಕಲ್ ಲ್ಯಾಂಗ್ವೇಜ್' ಎಂದು ಕರೆದು ಕೈಬಿಟ್ಟವರಲ್ಲಿ ನಾನೂ ಒಬ್ಬ. ರಿಜಿಸ್ಟರುಗಳು? ಕಚೇರಿ ಬೇರೆ ಕಟ್ಟಡಕ್ಕೆ ಹೋದಾಗ ರದ್ದಿಗೆ ಹೋದವಂತೆ.

ಇದಿಷ್ಟು ನನ್ನ ತಪ್ಪೊಪ್ಪಿಗೆ. ಇನ್ನು ಜಗಳಕ್ಕೆ ಬರುತ್ತೇನೆ.

ಮೆಟಾಡೇಟಾ ಎಂಬ ಶಬ್ದ ಕೇಳಿದೊಡನೆ ಜನ ಆಕಳಿಸುತ್ತಾರೆ. ಅದನ್ನು ಕನ್ನಡಿಸಲು ಹೋದವರು ಕೊಡುವ ಶಬ್ದಗಳು ಇನ್ನೂ ಭಯಂಕರ. ನನ್ನ ಮಟ್ಟಿಗೆ ಅದಕ್ಕೆ ನಮ್ಮಲ್ಲಿ ಹಳೆಯ, ಒಳ್ಳೆಯ ಶಬ್ದ ಇದ್ದೇ ಇದೆ: ಷರಾ. ಶಾನುಭೋಗರ ಕಾಲದಿಂದ ಬಂದ ಶಬ್ದ. ಅಂಕಿಯ ಪಕ್ಕ ಕೂತು, ಈ ಅಂಕಿ ಯಾರದ್ದು, ಯಾವಾಗಿನದ್ದು, ಹೇಗೆ ಬಂತು, ಎಷ್ಟು ನಂಬಬಹುದು ಎಂದು ಹೇಳುವ ಮಾತು. ಮೆಟಾಡೇಟಾ ಸ್ಟ್ಯಾಂಡರ್ಡ್ ಎಂದರೆ ಷರಾದಲ್ಲಿ ಏನೇನು ಬರೆಯಬೇಕು, ಯಾವ ಕ್ರಮದಲ್ಲಿ ಬರೆಯಬೇಕು ಎಂದು ಜಗತ್ತು ಮಾಡಿಕೊಂಡ ಒಪ್ಪಂದ. ನಾನು ಷರಾ ಬರೆಯುವುದು ನನಗಾಗಿ ಅಲ್ಲ, ನನ್ನನ್ನು ಎಂದೂ ಕಾಣದ, ನನಗೆ ಫೋನ್ ಮಾಡಲಾಗದ ಒಬ್ಬ ಅಪರಿಚಿತನಿಗಾಗಿ. ಆದ್ದರಿಂದಲೇ ಅದಕ್ಕೆ ನನ್ನ ಇಷ್ಟ ಸಾಲದು, ಸ್ಟ್ಯಾಂಡರ್ಡ್ ಬೇಕು.

ಕನ್ನಡ ಓದುಗರಿಗೆ ಇದನ್ನು ಉದಾಹರಣೆ ಕೊಟ್ಟು ವಿವರಿಸಬೇಕಾಗಿಯೇ ಇಲ್ಲ. ನುಡಿ, ಬರಹ, ಶ್ರೀಲಿಪಿ ಎಂದು ಫಾಂಟಿಗೊಂದು ಸಂಕೇತ ಇದ್ದ ಕಾಲವನ್ನು ನಾವೆಲ್ಲ ಅನುಭವಿಸಿದ್ದೇವೆ. ಗೆಳೆಯ ಪ್ರೀತಿಯಿಂದ ಕಥೆ ಕಳಿಸುತ್ತಿದ್ದ, ತೆರೆದರೆ ಪರದೆಯ ತುಂಬ ಕೊಕ್ಕೆ, ಡಾಲರು, ತಲೆಯ ಮೇಲೆ ಗೆರೆಯಿದ್ದ ಇಂಗ್ಲಿಷ್ ಅಕ್ಷರ. ಕಥೆ ಅಲ್ಲೇ ಇತ್ತು, ಒಂದಕ್ಷರವೂ ಕಳೆದಿರಲಿಲ್ಲ. ಕಳೆದದ್ದು 'ಇದು ಇಂಥ ಫಾಂಟಿನಲ್ಲಿದೆ' ಎಂಬ ಒಂದು ಸಾಲು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ 1991ರ ಮೊದಲ ಆವೃತ್ತಿಯಲ್ಲೇ ಇತ್ತು. ನಾವು ಅದನ್ನು ಹಿಡಿಯುವ ಹೊತ್ತಿಗೆ ಎಷ್ಟೋ ಜನರ ಬರಹ ಯಾರೂ ತೆರೆಯದ ಸಿ.ಡಿ.ಗಳಲ್ಲಿ ಹೂತುಹೋಗಿತ್ತು. ಡೇಟಾದ ಗತಿಯೂ ಅದೇ. ವ್ಯತ್ಯಾಸ ಒಂದೇ, ಅದು ಹೆಚ್ಚು ಅಪಾಯದ್ದು: ಕೆಟ್ಟ ಫಾಂಟು ಕೆಟ್ಟದಾಗಿ ಕಾಣುತ್ತದೆ, ಷರಾ ಇಲ್ಲದ ಅಂಕಿ ಮಾತ್ರ ಸರಿಯಾದ ಅಂಕಿಯ ಹಾಗೇ ಕಾಣುತ್ತದೆ.

ನಿಯಮಗಳ ಬರ ನಮಗಿಲ್ಲ. 1994ರಲ್ಲೇ ಅಮೆರಿಕದ ಅಧ್ಯಕ್ಷರು ತಮ್ಮ ಕೇಂದ್ರ ಇಲಾಖೆಗಳಿಗೆಲ್ಲ ಆದೇಶ ಹೊರಡಿಸಿದ್ದರು: ಹೊಸ ಭೌಗೋಳಿಕ ಡೇಟಾ ಸಿದ್ಧಪಡಿಸಿದರೆ ಅದರ ವಿವರವನ್ನು ಗೊತ್ತಾದ ಮಾದರಿಯಲ್ಲಿ ಬರೆಯಲೇಬೇಕು. 1995ರಲ್ಲಿ ಓಹಾಯೋದ ಡಬ್ಲಿನ್ ಎಂಬ ಊರಿನಲ್ಲಿ ಗ್ರಂಥಾಲಯದವರೂ ಕಂಪ್ಯೂಟರಿನವರೂ ಸೇರಿದರು. ಅಲ್ಲಿಂದ ಹುಟ್ಟಿದ ಡಬ್ಲಿನ್ ಕೋರ್‌ನಲ್ಲಿ ಇರುವುದು 15 ಅಂಶ. ಹೆಸರು, ಕರ್ತೃ, ವಿಷಯ, ದಿನಾಂಕ, ಭಾಷೆ, ಹಕ್ಕು ಇಂಥವು. 2003ರಲ್ಲಿ ಭೌಗೋಳಿಕ ಮಾಹಿತಿಗೆಂದೇ ಐಎಸ್‌ಒ 19115 ಬಂತು, 2014ರಲ್ಲಿ ಅದರ ಪರಿಷ್ಕರಣೆ ಆಯಿತು. 2016ರಲ್ಲಿ ವಿಜ್ಞಾನಿಗಳು 'ಫೇರ್' ತತ್ವಗಳನ್ನು ಪ್ರಕಟಿಸಿದರು: ಡೇಟಾ ಹುಡುಕಿದರೆ ಸಿಗಬೇಕು, ತೆಗೆದುಕೊಳ್ಳುವ ದಾರಿ ಇರಬೇಕು, ಬೇರೆ ಡೇಟಾ ಜೊತೆ ಹೊಂದಬೇಕು, ಮತ್ತೊಬ್ಬರು ಮತ್ತೆ ಬಳಸುವಂತಿರಬೇಕು.

ನಮ್ಮ ದೇಶವೇನೂ ಹಿಂದೆ ಬಿದ್ದಿಲ್ಲ, ಕಾಗದದ ಮೇಲೆ. ರಾಷ್ಟ್ರೀಯ ಭೌಗೋಳಿಕ ದತ್ತಾಂಶ ಮೂಲಸೌಕರ್ಯ, ಎಂದರೆ ಎನ್‌ಎಸ್‌ಡಿಐ, 2006ರಲ್ಲಿ ಬಂತು. ತನ್ನದೇ ಮೆಟಾಡೇಟಾ ಮಾದರಿಯನ್ನೂ ಪ್ರಕಟಿಸಿತು. 2012ರಲ್ಲಿ ರಾಷ್ಟ್ರೀಯ ದತ್ತಾಂಶ ಹಂಚಿಕೆ ನೀತಿ ಬಂತು, ಅದೇ ವರ್ಷ ಸರ್ಕಾರದ ಮುಕ್ತ ಡೇಟಾ ಪೋರ್ಟಲ್ಲೂ ಬಂತು. 2021ರಲ್ಲಿ ನಕ್ಷೆ ಮಾಡುವ ಕೆಲಸದ ಮೇಲಿದ್ದ ಕಟ್ಟುಗಳು ಸಡಿಲವಾದವು. 2022ರಲ್ಲಿ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ. ಇಷ್ಟೆಲ್ಲ ಆದ ಮೇಲೂ ಎಲ್ಲಿಂದ ಎಲ್ಲಿಗೆ ಡೆಪ್ತ್ ಎಂದು ಕೇಳಲು ಒಬ್ಬ ವಿದ್ಯಾರ್ಥಿನಿ ಭಾನುವಾರ ಬೆಳಿಗ್ಗೆ ನನಗೆ ಫೋನ್ ಮಾಡಬೇಕಾಯಿತು.

ಬಾವಿಯ ಕಥೆ ಒಂದು ಅಪವಾದ ಎಂದುಕೊಳ್ಳಬೇಡಿ. ಇಂಥವು ದಿನಾ ನಡೆಯುತ್ತವೆ.

ಮಳೆಯನ್ನೇ ತೆಗೆದುಕೊಳ್ಳಿ. ನಮ್ಮ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ. ಜೂನ್ 5ರ ಮಳೆ ಎಂದರೆ ಜೂನ್ 4ರ ಬೆಳಿಗ್ಗೆ 8.30ರಿಂದ 5ರ ಬೆಳಿಗ್ಗೆ 8.30ರವರೆಗೆ ಬಿದ್ದ ಮಳೆ. ಆದ್ದರಿಂದ 4ನೇ ತಾರೀಕು ಸಂಜೆ ಹೊಯ್ದ ಮಳೆ 5ರ ಖಾತೆಗೆ ಬೀಳುತ್ತದೆ. ಉಪಗ್ರಹದ ದಿನದ ಲೆಕ್ಕ ಸಾಮಾನ್ಯವಾಗಿ ಗ್ರೀನಿಚ್ ವೇಳೆಯದ್ದು. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 5.30ರಿಂದ ಮರುದಿನ 5.30. ಇದನ್ನು ಅರಿಯದೆ ಎರಡೂ ಫೈಲನ್ನು ತಾರೀಕಿನ ಮೇಲೆ ಜೋಡಿಸಿದರೆ ಒಂದರಲ್ಲಿ ಇವತ್ತಿನ ಮಳೆ, ಇನ್ನೊಂದರಲ್ಲಿ ನಾಳೆಯದ್ದು. ಆಮೇಲೆ "ಉಪಗ್ರಹದ ಡೇಟಾ ನಮ್ಮ ಘಟ್ಟಕ್ಕೆ ಹೊಂದುವುದಿಲ್ಲ" ಎಂದು ತೀರ್ಮಾನ. ಷರಾದಲ್ಲಿ ಅಳತೆಯ ವೇಳೆ ಇದ್ದಿದ್ದರೆ ಅರ್ಧ ನಿಮಿಷದ ಕೆಲಸ.

ನಕ್ಷೆಗೆ ಬನ್ನಿ. ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಸರಪಳಿ ಹಿಡಿದು ಶುರು ಮಾಡಿದ ಮಹಾ ತ್ರಿಕೋನ ಸರ್ವೆಯಿಂದ ಬೆಳೆದದ್ದು ಎವರೆಸ್ಟ್ 1830 ಎಂಬ ಭೂಮಿಯ ಆಕಾರದ ಲೆಕ್ಕ. ಹಳೆಯ ಟೋಪೋಶೀಟುಗಳೆಲ್ಲ ಅದರ ಮೇಲೆ ನಿಂತವು. ನಿಮ್ಮ ಮೊಬೈಲಿನ ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84. ಅಕ್ಷಾಂಶ, ರೇಖಾಂಶದ ಅಂಕಿ ಒಂದೇ ಇರಲಿ, ಲೆಕ್ಕ ಬದಲಾದರೆ ಬೆಂಗಳೂರಿನ ಸುತ್ತಮುತ್ತ ಜಾಗ ನೂರು ಮೀಟರಿಗೂ ಹೆಚ್ಚು ಸರಿಯುತ್ತದೆ. ಕೆರೆಯ ಅಂಚು ಯಾವುದು, ಒತ್ತುವರಿ ಯಾವುದು ಎಂದು ಜಗಳವಾಡುವ ನಾಡಿನಲ್ಲಿ ನೂರು ಮೀಟರ್ ಸಣ್ಣದಲ್ಲ. ಕಾಯಬೇಕಾದದ್ದು ಫೈಲಿನಲ್ಲಿ ಡೇಟಮ್‌ನ ಹೆಸರು, ಒಂದೇ ಒಂದು ಪದ.

ಜಿಲ್ಲೆಗಳದ್ದು ಇನ್ನೊಂದು ಕಥೆ. 1997ರಲ್ಲಿ ಧಾರವಾಡದಿಂದ ಗದಗ, ಹಾವೇರಿ ಬೇರೆಯಾದವು. ಷರಾ ಇಲ್ಲದ ಪಟ್ಟಿಯಲ್ಲಿ 'ಧಾರವಾಡ ಜಿಲ್ಲೆ' ಎಂದು 1990ರ ಹತ್ತಿಯೂ 2000ದ ಹತ್ತಿಯೂ ಅಕ್ಕಪಕ್ಕ ಕೂತರೆ, ಹತ್ತೇ ವರ್ಷದಲ್ಲಿ ಹತ್ತಿ ಬೆಳೆಯುವವರಿಗೆ ಏನೋ ಆಘಾತವಾಗಿದೆ ಎಂದು ಹೊರಗಿನವನು ಬರೆದರೆ ತಪ್ಪು ಯಾರದ್ದು? ಅವನಿಗೆ ಗ್ರಾಫು ಕಾಣುತ್ತದೆ, ಗೆಜೆಟ್ ಕಾಣುವುದಿಲ್ಲ.

ಇಲ್ಲಿ ಹೈದರಾಬಾದಿನಲ್ಲಿ ಕೂತವರಿಗೆ ಮತ್ತೊಂದು ರುಚಿ. ಬೀದರ್, ಗುಲ್ಬರ್ಗ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಕಾಲದ ಕಂದಾಯ ಕಾಗದಗಳಲ್ಲಿ ಫಸಲಿ ವರ್ಷ. ಅದಕ್ಕೆ 590 ಕೂಡಿಸಿದರೆ ನಮ್ಮ ಇಸವಿ. ರಾಯಚೂರು ಕಡೆಯ ಹಿರಿಯರೊಬ್ಬರು ನನಗೆ ತಮ್ಮ ಮನೆಯ ಕಾಗದ ತೋರಿಸಿದಾಗ ಅದರಲ್ಲಿ 1340 ಎಂದಿತ್ತು. ಹರಿಹರ, ಬುಕ್ಕರ ಕಾಲದ್ದೋ ಎಂದು ನಾನು ತಮಾಷೆ ಮಾಡಿದೆ. ಅದು 1930ರ ಸುಮಾರಿನದ್ದು. ಹಿರಿಯರು ಎದುರಿಗಿದ್ದರು, ತಿದ್ದಿದರು. ಸ್ಕ್ಯಾನ್ ಆಗಿ ಸರ್ವರಿಗೆ ಹೋದ ಕಾಗದದ ಎದುರು ಅವರು ಇರುವುದಿಲ್ಲ.

ಈಗ ನಮ್ಮವರು ಹೇಳುವ ನೆಪಗಳು. ಇವನ್ನೆಲ್ಲ ನಾನೇ ಮೀಟಿಂಗಿನಲ್ಲಿ ಹೇಳಿದ್ದೇನೆ, ಹಾಗಾಗಿ ಚೆನ್ನಾಗಿ ಗೊತ್ತು.

ಮೊದಲನೆಯದು, ಟೈಮ್ ಇಲ್ಲ. ಪ್ರಾಜೆಕ್ಟ್ ಪ್ಲಾನಿನ ಕೊನೆಗೆ 'ಮೆಟಾಡೇಟಾ ಸಿದ್ಧತೆ, 12 ದಿನ' ಎಂಬ ಸಾಲಿತ್ತು. ಫೀಲ್ಡ್ ಕೆಲಸ ತಡವಾಯಿತು, ಡೆಡ್‌ಲೈನ್ ಕದಲಲಿಲ್ಲ. ಆ 12ನ್ನು ಸೊನ್ನೆ ಮಾಡಿದವನು ನಾನೇ. ಸ್ವೀಕೃತಿ ಪಟ್ಟಿಯಲ್ಲಿ ಮೆಟಾಡೇಟಾಕ್ಕೆ ಒಂದು ಟಿಕ್ ಬಾಕ್ಸ್ ಇತ್ತು, ಟಿಕ್ ಹಾಕಿದೆವು. ಯಾರೂ ತೆರೆದು ನೋಡಲಿಲ್ಲ. ಬಿಲ್ ಪಾಸಾಯಿತು, ಟೀಮಿಗೆ ಬಿರಿಯಾನಿ ಕೊಡಿಸಿದೆ. ಟೈಮ್ ಇರಲಿಲ್ಲ ಎನ್ನುವುದು ಸುಳ್ಳು. ಅದೇ ವಾರ ಡ್ಯಾಶ್‌ಬೋರ್ಡಿನ ನೀಲಿ ಬಣ್ಣ ಇನ್ನೂ ಸ್ವಲ್ಪ ಗಾಢ ಬೇಕೇ ಎಂದು ಮೂರು ಮೀಟಿಂಗ್ ಮಾಡಿದ್ದೆವು. ಕೊನೆಗೆ ಬರೆಯುತ್ತೇವೆ ಎಂದು ಇಟ್ಟುಕೊಳ್ಳುವುದೇ ಮೂಲ ಪಾಪ. ಷರಾ ಬರೆಯಬೇಕಾದದ್ದು ಟೇಪು ಕೈಯಲ್ಲಿರುವಾಗ.

ಎರಡನೆಯದು, ಐಎಸ್‌ಒ ಸ್ಟ್ಯಾಂಡರ್ಡ್‌ನಲ್ಲಿ ನಾನೂರು ಅಂಶ, ಯಾರು ತುಂಬುತ್ತಾರೆ? ನಾನೂರಕ್ಕೂ ಹೆಚ್ಚು ಇವೆ, ನಿಜ. ಆದರೆ ಅದರಲ್ಲಿ ಮುಖ್ಯ ಎಂದು ಗುರುತಿಸಿದ್ದು ಇಪ್ಪತ್ತರ ಆಸುಪಾಸು, ಕಡ್ಡಾಯವಾದದ್ದು ಅದಕ್ಕಿಂತಲೂ ಕಡಿಮೆ. ಮದುವೆ ಊಟದಲ್ಲಿ ನಲವತ್ತು ಬಗೆ ಇದೆಯೆಂದು ಅನ್ನ, ಸಾರನ್ನೂ ಬೇಡ ಎನ್ನುವವರುಂಟೇ? ಸ್ಟ್ಯಾಂಡರ್ಡ್ ಬರೆಯುವವರದ್ದೂ ತಪ್ಪಿದೆ, ಅದನ್ನು ಹೇಳಬೇಕು. ಪಿಡಿಎಫ್‌ನ ಭಾಷೆ ವಕೀಲರ ನೋಟೀಸಿನಂತೆ, ತುಂಬುವ ಸಾಫ್ಟ್‌ವೇರ್ ಶಿಕ್ಷೆಯಂತೆ. ಹಾಗೆಂದು ಕೆಲಸವೇ ಬೇಡ ಎಂದಾಗುವುದಿಲ್ಲ.

ಮೂರನೆಯದು, ಕೊಟ್ಟರೆ ಅವರು ಪೇಪರ್ ಬರೆದುಕೊಳ್ಳುತ್ತಾರೆ. ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಮನಸ್ಸಿನಲ್ಲಿರುವವರು ಹೆಚ್ಚು. ನಾನು ಇದನ್ನು ಕೀಳು ಎನ್ನುವುದಿಲ್ಲ. ಆರು ವರ್ಷ ಬಿಸಿಲಲ್ಲಿ ಟೇಪು ಹಿಡಿದವನ ಹೆಸರು ಎಲ್ಲೂ ಬರದೆ, ಎಸಿ ರೂಮಿನಲ್ಲಿ ಗ್ರಾಫ್ ಎಳೆದವನ ಹೆಸರು ಬಂದರೆ ಹೊಟ್ಟೆ ಉರಿಯುವುದು ನ್ಯಾಯವೇ. ಆದರೆ ಅದಕ್ಕೆ ಮದ್ದು ಮುಚ್ಚಿಡುವುದಲ್ಲ. 2009ರಿಂದ ಡೇಟಾಸೈಟ್ ಎಂಬ ಸಂಸ್ಥೆ ಡೇಟಾಸೆಟ್‌ಗಳಿಗೂ ಲೇಖನಗಳಂತೆ ಶಾಶ್ವತ ಗುರುತಿನ ಸಂಖ್ಯೆ ಕೊಡುವ ವ್ಯವಸ್ಥೆ ನಡೆಸುತ್ತಿದೆ. ಅಳೆದವರ ಹೆಸರಿಗೆ ಅಲ್ಲಿ ಜಾಗ ಇದೆ. ಕೆಲಸ ಮಾಡಿದವನಿಗೆ ಹೆಸರು ಸಿಗುವುದು ಷರಾದಿಂದ. ಷರಾ ಇಲ್ಲದಿದ್ದರೆ ಎಕ್ಸೆಲ್ ನನ್ನ ಹೆಸರು ಹಾಕುತ್ತದೆ.

ನಾಲ್ಕನೆಯದು, ಭದ್ರತೆ. ಡೇಟಾ ಗುಪ್ತವಿರಬಹುದು, ಇರಲಿ. ಡೇಟಾ ಇದೆ ಎಂಬ ಮಾತನ್ನೂ ಗುಪ್ತವಿಡಬೇಕೇ? ಯಾರು ಬಳಸಬಹುದು, ಯಾವ ಷರತ್ತಿನ ಮೇಲೆ ಎಂದು ಬರೆಯಲು ಐಎಸ್‌ಒ 19115ರಲ್ಲೇ ಪ್ರತ್ಯೇಕ ಜಾಗ ಇದೆ. ನಮ್ಮ 2012ರ ನೀತಿಯೂ ಮುಕ್ತ, ನೋಂದಾಯಿತ, ನಿರ್ಬಂಧಿತ ಎಂದು ಮೂರು ಬಾಗಿಲು ಇಟ್ಟಿದೆ. ಬಾಗಿಲಿಗೆ ಬೀಗ ಹಾಕಿ, ಬೋರ್ಡು ಕಿತ್ತುಹಾಕಬೇಡಿ.

ಐದನೆಯದು ಈಚಿನದ್ದು, ನಮ್ಮ ಐಟಿ ಗೆಳೆಯರ ಅಚ್ಚುಮೆಚ್ಚಿನದ್ದು: "ಬಿಡು ಮಾರಾಯ, ಇನ್ಮೇಲೆ ಎಐ ಎಲ್ಲಾ ಕಂಡುಹಿಡಿಯುತ್ತೆ." ಏನನ್ನು ಕಂಡುಹಿಡಿಯುತ್ತದೆ? ಕಟ್ಟೆಯ ಎತ್ತರ ಆ ಫೈಲಿನಲ್ಲಿಲ್ಲ. ಬಿದ್ದುಹೋದ ಕಟ್ಟೆ ಈಗ ಊರಿನಲ್ಲೂ ಇಲ್ಲ. ಅದು ಬರೆದಿದ್ದ ರಿಜಿಸ್ಟರು ರದ್ದಿಯಲ್ಲಿ ಕರಗಿ ಮೊಟ್ಟೆಯ ಟ್ರೇ ಆಗಿರಬಹುದು. ಇಲ್ಲದ್ದನ್ನು ಯಂತ್ರ ಹುಡುಕುವುದಿಲ್ಲ, ಊಹಿಸುತ್ತದೆ. ಅದೂ ಬಹಳ ಆತ್ಮವಿಶ್ವಾಸದಿಂದ.

ಆಗದ ಕೆಲಸವೇನಲ್ಲ ಇದು. ನಿಜಾಂಪೇಟೆಯ ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ, ಪ್ರಗತಿನಗರದಲ್ಲಿ, ಇನ್‌ಕಾಯ್ಸ್ ಎಂಬ ಸಾಗರ ಮಾಹಿತಿ ಕೇಂದ್ರವಿದೆ. ಜಗತ್ತಿನ ಸಮುದ್ರಗಳಲ್ಲಿ ನಾಲ್ಕು ಸಾವಿರದ ಹತ್ತಿರ ಆರ್ಗೋ ತೇಲುಯಂತ್ರಗಳು ಮುಳುಗಿ ಏಳುತ್ತಾ ಉಷ್ಣತೆ, ಉಪ್ಪಿನಂಶ ಅಳೆಯುತ್ತವೆ. ಭಾರತದ ಆರ್ಗೋ ಡೇಟಾ ಕೇಂದ್ರ ಇದೇ. ಅಲ್ಲಿಂದ ಬರುವ ಪ್ರತಿ ಅಂಕಿಯ ಜೊತೆ ಒಂದು ಗುಣಮಟ್ಟದ ಗುರುತು ಇರುತ್ತದೆ: ಇದು ಒಳ್ಳೆಯದು, ಇದು ಅನುಮಾನ, ಇದು ಕೆಟ್ಟದ್ದು. ಈಗಷ್ಟೇ ಬಂದದ್ದೋ, ತಜ್ಞರು ಆಮೇಲೆ ತಿದ್ದಿದ್ದೋ ಎಂಬುದೂ ಇರುತ್ತದೆ. ಹಾಗಾಗಿ ಬ್ರೆಜಿಲ್‌ನಲ್ಲಿ ಕೂತವನೊಬ್ಬ ಹೈದರಾಬಾದಿಗೆ ಫೋನ್ ಮಾಡದೆ ಅರಬ್ಬೀ ಸಮುದ್ರದ ಬಗ್ಗೆ ಬರೆಯಬಲ್ಲ. ಸಮುದ್ರದ ಮಧ್ಯೆ ಆಗುವುದು ಬಯಲುಸೀಮೆಯ ಬಾವಿಯ ದಂಡೆಯಲ್ಲಿ ಯಾಕೆ ಆಗುವುದಿಲ್ಲ?

ಇನ್ನು ಕನ್ನಡ. ಇದು ನನ್ನ ಮುಖ್ಯ ತಕರಾರು. ಷರಾ ಬಿಟ್ಟುಹೋದದ್ದು ಅದು ಕನ್ನಡದಲ್ಲಿತ್ತು ಎಂಬ ಕಾರಣಕ್ಕೆ. ಸ್ಟ್ಯಾಂಡರ್ಡ್ ಎಂದರೆ ಇಂಗ್ಲಿಷ್ ಎಂದು ನಾವೇ ತೀರ್ಮಾನಿಸಿಕೊಂಡೆವು. ಸ್ಟ್ಯಾಂಡರ್ಡ್ ಹಾಗೆ ಹೇಳಿಲ್ಲ. ಐಎಸ್‌ಒದಲ್ಲಿ ಮೆಟಾಡೇಟಾ ಯಾವ ಭಾಷೆಯಲ್ಲಿದೆ ಎಂದು ಹೇಳಲು ಜಾಗ ಇದೆ, ಒಂದೇ ವಿವರವನ್ನು ಹಲವು ಭಾಷೆಗಳಲ್ಲಿ ಇಡಲು ದಾರಿ ಇದೆ. ಇದನ್ನು ಭಾಷಾಭಿಮಾನದಿಂದ ಹೇಳುತ್ತಿಲ್ಲ, ನಿಖರತೆಯ ಆಸೆಯಿಂದ ಹೇಳುತ್ತಿದ್ದೇನೆ. ಇಂಗ್ಲಿಷ್ ಅಕ್ಷರಕ್ಕೆ ಹೋದೊಡನೆ ಳ, ಲ ಒಂದಾಗುತ್ತವೆ, ಣ, ನ ಒಂದಾಗುತ್ತವೆ, ಕೋಟೆಯೂ ಕೊಟ್ಟೆಯೂ ಕಲಸಿಹೋಗುತ್ತವೆ. ಹೊಸಹಳ್ಳಿಯನ್ನು ಒಬ್ಬ ಹೊಸಳ್ಳಿ ಎಂದು, ಇನ್ನೊಬ್ಬ ಹೊಸಲ್ಲಿ ಎಂದು ಬರೆದು ಒಂದು ಊರು ಮೂರಾಗುತ್ತದೆ, ಮೂರು ಊರು ಒಂದಾಗುತ್ತದೆ. 2014ರ ನವೆಂಬರ್ 1ರಂದು ನಮ್ಮ ಹನ್ನೆರಡು ಊರುಗಳ ಹೆಸರು ಬದಲಾದಾಗ ಡೇಟಾಬೇಸುಗಳೆಲ್ಲ ಒದ್ದಾಡಿದವು. ಕನ್ನಡದಲ್ಲಿ ಬೆಂಗಳೂರು, ಮೈಸೂರು, ತುಮಕೂರು ಹಿಂದೆಯೂ ಅವೇ, ಈಗಲೂ ಅವೇ. ಬದಲಾದದ್ದು ಇಂಗ್ಲಿಷ್ ಕಾಗುಣಿತ. ಊರಿನ ಹೆಸರು ಕನ್ನಡದಲ್ಲೂ ಇರಲಿ, ಜೊತೆಗೆ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯಲ್ಲಿರುವ ಕೋಡೂ ಇರಲಿ. ಎರಡೂ ಬೇಕು. ಕೋಡು ಯಂತ್ರಕ್ಕೆ, ಹೆಸರು ಮನುಷ್ಯನಿಗೆ.

ಅಳೆಯುವವನು ಯೋಚಿಸುವ ಭಾಷೆಯಲ್ಲಿ ಷರಾ ಬರೆಯಲು ಬಿಡದಿದ್ದರೆ ಅವನು ಬರೆಯುವುದೇ ಇಲ್ಲ. 'ಓಕೆ' ಎಂದು ಬರೆಯುತ್ತಾನೆ. ಮುನ್ನೂರು ಬಾವಿಗೆ ಮುನ್ನೂರು ಓಕೆ.

ಕೊನೆಗೆ ನನ್ನ ಸೋದರಮಾವನ ಮಾತು ಹೇಳಿ ಮುಗಿಸುತ್ತೇನೆ. ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಎಸ್ಸೆಸ್ಸೆಲ್ಸಿ ದಾಟಿದವರಲ್ಲ. ನಲವತ್ತು ವರ್ಷ ಮಳೆ ಬರೆದಿಟ್ಟಿದ್ದಾರೆ. ಹೋದ ಸಲ ಊರಿಗೆ ಹೋದಾಗ ನೋಟ್‌ಬುಕ್ಕಿನ ಮೊದಲ ಪುಟ ತೆರೆದೆ. ಅಲ್ಲಿ ಹೀಗಿತ್ತು: ಅಳತೆ ಇಂಚು ಮತ್ತು ಸೆಂಟಿನಲ್ಲಿ. ಬೆಳಿಗ್ಗೆ 7 ಗಂಟೆಗೆ ಅಳೆದದ್ದು, ಹಿಂದಿನ ದಿನದ ಲೆಕ್ಕಕ್ಕೆ. ಮಾಪಕ ಅಂಗಳದ ಪೂರ್ವಕ್ಕೆ. ನಡುವೆ ಒಂದು ಕಡೆ: ಹಲಸಿನ ಮರ ಬೆಳೆದು ಮರೆಯಾದ್ದರಿಂದ ಇವತ್ತಿನಿಂದ ಮಾಪಕ ಕಣದ ಹತ್ತಿರ. ಇನ್ನೊಂದು ಕಡೆ: ಮೂರು ದಿನ ಶೃಂಗೇರಿಗೆ ಹೋಗಿದ್ದೆ, ಒಟ್ಟು ಮಳೆ ಒಂದೇ ಸಲ ಬರೆದಿದೆ.

ಏಕಮಾನ, ವೇಳೆ, ಸ್ಥಳ, ಸಾಧನದ ಸ್ಥಳಾಂತರ, ಬಿಟ್ಟುಹೋದ ದಿನಗಳ ಒಪ್ಪಿಗೆ. ಅಂತರರಾಷ್ಟ್ರೀಯ ಸಮಿತಿಗಳು ಕೇಳುವುದರಲ್ಲಿ ಮುಖ್ಯವಾದದ್ದೆಲ್ಲ ಅಲ್ಲಿತ್ತು. "ಯಾರಿಗಂತ ಬರೆದ್ರಿ ಇದೆಲ್ಲ?" ಎಂದು ಕೇಳಿದೆ. "ನಾನು ಸತ್ತ ಮೇಲೆ ಯಾರಾದ್ರೂ ನೋಡಿದ್ರೆ ತಲೆಬುಡ ಗೊತ್ತಾಗ್ಬೇಕಲ್ಲ ಮಾರಾಯ" ಎಂದರು. ಎಂ.ಟೆಕ್. ಮಾಡಿದ ನಾನು ಸುಮ್ಮನೆ ನೋಟ್‌ಬುಕ್ ಮುಚ್ಚಿದೆ.

ಹಾಗಾಗಿ ನನ್ನ ಬೇಡಿಕೆಗಳು ಸಣ್ಣವು. ಸರ್ಕಾರದ ದುಡ್ಡಿನಲ್ಲಿ ನಡೆಯುವ ಯಾವುದೇ ಸರ್ವೆಯಲ್ಲಿ ಷರಾ ಬಾರದೆ ಕೊನೆಯ ಬಿಲ್ ಪಾಸಾಗಬಾರದು. ಟಿಕ್ ಬಾಕ್ಸ್ ನೋಡಿ ಅಲ್ಲ, ಆ ಕೆಲಸದಲ್ಲಿ ಇಲ್ಲದ ಒಬ್ಬರು ಫೈಲ್ ತೆರೆದು, ಯಾರಿಗೂ ಫೋನ್ ಮಾಡದೆ ಅರ್ಥ ಮಾಡಿಕೊಂಡ ಮೇಲೆ. ವಿಶ್ವವಿದ್ಯಾಲಯಗಳು ಪ್ರಬಂಧದ ಜೊತೆ ಅದರ ಡೇಟಾ, ಅದರ ವಿವರ ಎರಡನ್ನೂ ಕೇಳಿ ಪಡೆಯಲಿ. ಪೋರ್ಟಲ್ಲುಗಳು 'ನಮ್ಮಲ್ಲಿ ಇಷ್ಟು ಲಕ್ಷ ಡೇಟಾಸೆಟ್' ಎಂದು ಎಣಿಸುವುದನ್ನು ಬಿಟ್ಟು, ಎಷ್ಟನ್ನು ಅಪರಿಚಿತರು ಬಳಸಬಹುದು ಎಂದು ಎಣಿಸಲಿ. ಎಂಟ್ರಿ ಫಾರ್ಮ್ ಮಾಡುವ ನನ್ನಂಥವರು ಮೊದಲ ದಿನವೇ ಷರಾ ಕಾಲಂ ಇಡಲಿ, ಅದು ಕನ್ನಡ ಸ್ವೀಕರಿಸಲಿ.

ಆ ಹುಡುಗಿಗೆ ಏನಾಯಿತು ಎಂದು ಕೇಳುತ್ತೀರಿ. ಫೀಲ್ಡಿನವರು ನೆನಪಿನಿಂದ ನಲವತ್ತೊಂದು ಬಾವಿಗಳ ಕಟ್ಟೆಯ ಎತ್ತರ ಹೇಳಿದರು. ಫೋನಿನಲ್ಲಿ ಕೇಳಿಕೊಂಡು ನಾನೇ ಟೈಪ್ ಮಾಡಿದೆ. ಹೇಳಿದವರ ಹೆಸರು, ಹೇಳಿದ ದಿನ, 'ನೆನಪಿನಿಂದ' ಎಂಬ ಮಾತು ಎಲ್ಲ ಸೇರಿಸಿ ಕಳಿಸಿದೆ. ಉಳಿದ ಬಾವಿಗಳನ್ನು ಆಕೆ ತನ್ನ ಅಧ್ಯಯನದಿಂದ ಕೈಬಿಟ್ಟಿದ್ದಾಳೆ. ಆರು ವರ್ಷ, ಇನ್ನೂರೈವತ್ತಕ್ಕೂ ಹೆಚ್ಚು ಬಾವಿ, ಬಿಸಿಲಲ್ಲಿ ನಡೆದು ತಂದ ಅಂಕಿಗಳು. ಅವೆಲ್ಲ ಇನ್ನೂ ಸರ್ವರಿನಲ್ಲಿವೆ. ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು.